ಹಿಮ ಬೀಳುವ ತೋಟದಲ್ಲಿ ತಾಳೆ, ಬಾಳೆ

ತಾಳೆಯ ಕುಟುಂಬಕ್ಕೆ ಸೇರಿದ ಸುಮಾರು 2,600 ಜಾತಿಯ ಗಿಡಮರಗಳು ಭೂಮಿಯ ಮೇಲಿವೆ. ತೆಂಗು, ಅಡಿಕೆ, ಈಚಲು, ಬೈನೆ, ಬೆತ್ತ ಎಲ್ಲವೂ ಇದೇ ಬಳಗದವು. ಇವುಗಳಲ್ಲಿ ಹೆಚ್ಚಿನವು ವರ್ಷವಿಡೀ ಬೆಚ್ಚಗಿರುವ ನಾಡನ್ನು ಬಿಟ್ಟು ಬದುಕಲಾರವು. ಅಡಿಕೆಗೆ 14ರಿಂದ 36 ಡಿಗ್ರಿ ಸೆಲ್ಸಿಯಸ್ ಹಿತವಾದ ಹವೆ. 10ಕ್ಕಿಂತ ಕೆಳಗಿಳಿದರೆ ಅದು ಸೊರಗುತ್ತದೆ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಇಂಗ್ಲೆಂಡಿನ ಬಯಲುಸೀಮೆಯಲ್ಲಿ ಚಳಿ ಸೊನ್ನೆಗಿಂತ ಕೆಳಗಿಳಿಯದ ವರ್ಷವೇ ಇಲ್ಲ. ಹಾಗಿದ್ದೂ ಲಂಡನ್ನಿನ ಮನೆಗಳ ಮುಂದೆ, ಸ್ಕಾಟ್ಲೆಂಡಿನ ಕಡಲಂಚಿನಲ್ಲಿ, ಸ್ವಿಟ್ಜರ್ಲೆಂಡಿನ ಸರೋವರಗಳ ದಡದಲ್ಲಿ ಬೀಸಣಿಗೆಯಂಥ ಗರಿ ಬಿಚ್ಚಿದ ಪಾಮ್ ಮರಗಳು ನಿಂತಿವೆ, ಅವುಗಳ ಬದಿಯಲ್ಲಿ ಬಾಳೆಯೂ ಕೆಸುವೂ ಸೊಂಪಾಗಿ ಬೆಳೆಯುತ್ತವೆ. ಇದು ಅದೃಷ್ಟದ ಆಟವಲ್ಲ. ಯಾವ ಗಿಡದ ಜೀವ ಅದರ ಮೈಯ ಯಾವ ಭಾಗದಲ್ಲಿದೆ ಎಂದು ತಿಳಿದು, ಅಷ್ಟನ್ನು ಮಾತ್ರ ಚಳಿಯಿಂದ ಕಾಯುವ ವಿದ್ಯೆ.

ಚಳಿ ಗಿಡವನ್ನು ಕೊಲ್ಲುವ ಬಗೆಗಳು ಹಲವು. ಮೊದಲನೆಯದು ನೀರು ಹೆಪ್ಪುಗಟ್ಟುವುದಕ್ಕೂ ಮುಂಚಿನದು. ಬಾಳೆಹಣ್ಣನ್ನು ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಬೇಗ ಕಪ್ಪಾಗುವುದನ್ನು ಎಲ್ಲರೂ ಕಂಡಿದ್ದಾರೆ. ಫ್ರಿಜ್ಜಿನೊಳಗೆ ನಾಲ್ಕೈದು ಡಿಗ್ರಿ ಇರುತ್ತದೆಯೇ ಹೊರತು ಅಲ್ಲಿ ಮಂಜುಗಡ್ಡೆಯಿರುವುದಿಲ್ಲ. ಉಷ್ಣವಲಯದ ಗಿಡಗಳ ಜೀವಕೋಶಗಳನ್ನು ಸುತ್ತುವರಿದ ಪೊರೆ ಬೆಚ್ಚನೆಯ ಹವೆಗೆ ಹೊಂದಿಕೊಂಡದ್ದು. ಸುಮಾರು 12 ಡಿಗ್ರಿಗಿಂತ ಕೆಳಗೆ ಆ ಪೊರೆಯ ಕೊಬ್ಬು ಬಿಗಿಯುತ್ತದೆ, ಪೊರೆ ಸೋರತೊಡಗುತ್ತದೆ, ಕೋಶದೊಳಗಿನ ಕೆಲಸಗಳು ಹದ ತಪ್ಪುತ್ತವೆ. ತೆಂಗು, ಅಡಿಕೆಗಳು ಚಳಿನಾಡಿನಲ್ಲಿ ಸೋಲುವುದು ಈ ಮೆಟ್ಟಿಲಲ್ಲೇ. ಅವಕ್ಕೆ ಎಷ್ಟು ಹೊದಿಕೆ ಹೊದಿಸಿದರೂ ಪ್ರಯೋಜನವಿಲ್ಲ, ಬಿಸಿ ಮಾಡಿದ ಗಾಜಿನ ಮನೆಯೇ ಬೇಕು.

ಎರಡನೆಯದು ಮಂಜುಗಡ್ಡೆ. ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದಾಗ ಮೊದಲು ಹರಳುಗಟ್ಟುವುದು ಜೀವಕೋಶಗಳ ನಡುವಿನ ಸಂದಿಯಲ್ಲಿರುವ ನೀರು. ಆ ಹರಳು ಅಕ್ಕಪಕ್ಕದ ಕೋಶಗಳೊಳಗಿನ ನೀರನ್ನು ಹೊರಗೆ ಎಳೆದುಕೊಳ್ಳುತ್ತ ಬೆಳೆಯುತ್ತದೆ, ಕೋಶ ನೀರಿಲ್ಲದೆ ಮುದುಡುತ್ತದೆ. ಹೀಗಾಗಿ ಹೆಪ್ಪುಗಟ್ಟಿಸುವ ಚಳಿ ಗಿಡದ ಪಾಲಿಗೆ ಒಂದು ಬಗೆಯ ಬರಗಾಲ. ಚಳಿ ತಡೆಯಬಲ್ಲ ಜಾತಿಗಳು ಶರತ್ಕಾಲದ ತಂಪು ಏರುತ್ತಿದ್ದಂತೆ ಕೋಶಗಳಲ್ಲಿ ಸಕ್ಕರೆಯನ್ನು ಕೂಡಿಟ್ಟು, ಪೊರೆಯ ಕೊಬ್ಬನ್ನು ಬದಲಿಸಿಕೊಂಡು ಈ ಬರಕ್ಕೆ ಅಣಿಯಾಗುತ್ತವೆ. ಈ ಸಿದ್ಧತೆಗೆ ವಾರಗಟ್ಟಲೆ ಹಿಡಿಯುತ್ತದೆ. ಜನವರಿಯಲ್ಲಿ ಮೈನಸ್ 8 ಡಿಗ್ರಿಯನ್ನು ತಡೆದುಕೊಳ್ಳುವ ಗಿಡ ಅಕ್ಟೋಬರಿನಲ್ಲಿ ಅಕಸ್ಮಾತ್ ಬಂದ ಅದೇ ಚಳಿಗೆ ಸಾಯುವುದು ಇದರಿಂದಲೇ. ಬೇಸಿಗೆಯ ಕೊನೆಯಲ್ಲಿ ಸಾರಜನಕದ ಗೊಬ್ಬರ ಹಾಕಿ ಎಳೆ ಚಿಗುರು ಹೊಮ್ಮಿಸುವುದು ತಪ್ಪು ಎನ್ನುವುದಕ್ಕೂ ಕಾರಣ ಇದೇ.

ಮೂರನೆಯ ಶತ್ರು ಒದ್ದೆ. ಉತ್ತರ ಯೂರೋಪಿನ ಚಳಿಗಾಲ ತಣ್ಣಗಿರುವುದಷ್ಟೇ ಅಲ್ಲ, ತಿಂಗಳುಗಟ್ಟಲೆ ತೊಯ್ದಿರುತ್ತದೆ. ಬೇರು ಕೆಲಸ ಮಾಡದ ಹೊತ್ತಿನಲ್ಲಿ ನೆಲದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಗರಿಗಳ ನಡುವೆ ನೀರು ನಿಂತು ಹೆಪ್ಪುಗಟ್ಟಿ ಕರಗಿದರೆ ಸುಳಿ ಕೊಳೆಯುತ್ತದೆ. ಒಣ ಚಳಿಯಲ್ಲಿ ಉಳಿಯುವ ಎಷ್ಟೋ ಗಿಡಗಳು ಅದಕ್ಕಿಂತ ಕಡಿಮೆ ಚಳಿಯ, ಆದರೆ ಒದ್ದೆಯಾದ ತೋಟದಲ್ಲಿ ಸಾಯುತ್ತವೆ.

ಪಾಮ್ ಮರದ ರಚನೆಯಲ್ಲಿಯೇ ಅದರ ದೌರ್ಬಲ್ಯವೂ ಬಲವೂ ಅಡಗಿವೆ. ಮಾವು, ಹಲಸುಗಳಿಗೆ ತೊಗಟೆಯ ಕೆಳಗೆ ಹೊಸ ಮರವನ್ನು ಹುಟ್ಟಿಸುವ ಪದರವೊಂದಿದೆ. ಕೊಂಬೆ ಮುರಿದರೆ ಪಕ್ಕದಲ್ಲಿ ಇನ್ನೊಂದು ಚಿಗುರುತ್ತದೆ, ಗಾಯ ಮಾಯುತ್ತದೆ. ತಾಳೆ ಜಾತಿಯ ಕಾಂಡದಲ್ಲಿ ಆ ಪದರವಿಲ್ಲ. ಒಂಟಿ ಕಾಂಡದ ಮರದ ಇಡೀ ಬೆಳವಣಿಗೆ ನಡೆಯುವುದು ನೆತ್ತಿಯಲ್ಲಿ, ಸುಳಿಯ ಬುಡದಲ್ಲಿರುವ ಒಂದೇ ಒಂದು ಎಳೆಮೊಗ್ಗಿನಿಂದ. ಅದು ಸತ್ತರೆ ಮರ ಸತ್ತಂತೆ. ಸುಳಿಕೊಳೆ ರೋಗ ಬಂದ ತೆಂಗಿನ ಸುಳಿಯನ್ನು ಹಿಡಿದೆಳೆದಾಗ ಅದು ಬುಡದಿಂದ ಕಿತ್ತು ಕೈಗೆ ಬರುವುದನ್ನು ಕಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರ ಇನ್ನೊಂದು ಮುಖವೂ ಇದೆ: ಗರಿಗಳೆಲ್ಲ ಸುಟ್ಟಂತೆ ಕಂದಿದರೂ ಆ ಎಳೆಮೊಗ್ಗು ಉಳಿದರೆ ಮರ ಉಳಿಯಿತು. ಅದರ ಸುತ್ತ ಗರಿಗಳ ಬುಡ ಒಂದರ ಮೇಲೊಂದು ಸುತ್ತಿಕೊಂಡಿರುತ್ತದೆ; ಹೊರಗಿನ ಚಳಿ ಒಂದು ರಾತ್ರಿಯದಷ್ಟೇ ಆದರೆ ಒಳಗೆ ಮುಟ್ಟುವಷ್ಟರಲ್ಲಿ ಬೆಳಗಾಗಿರುತ್ತದೆ. ವಾರವಿಡೀ ಹಗಲೂ ಸೊನ್ನೆಗಿಂತ ಮೇಲೇರದಿದ್ದರೆ ಮಾತ್ರ ಅಪಾಯ. ಎಷ್ಟು ಡಿಗ್ರಿ ಎನ್ನುವ ಪ್ರಶ್ನೆಯಷ್ಟೇ ಎಷ್ಟು ಹೊತ್ತು ಎನ್ನುವ ಪ್ರಶ್ನೆಯೂ ಮುಖ್ಯ.

ಚಳಿನಾಡಿನ ಜನ ಮೊದಲು ಕಂಡುಕೊಂಡ ದಾರಿ ಗಿಡಕ್ಕೆ ಮನೆ ಕಟ್ಟುವುದು. ಇಟಲಿಯ ಪಾಡುವಾ ಸಸ್ಯೋದ್ಯಾನದಲ್ಲಿ 1585ರಲ್ಲಿ ನೆಟ್ಟ ಮೆಡಿಟರೇನಿಯನ್ ಗಿಡ್ಡ ಪಾಮ್ ತನಗೆಂದೇ ಕಟ್ಟಿದ ಎಂಟು ಮೂಲೆಯ ಗಾಜಿನ ಮನೆಯಲ್ಲಿ ಇಂದಿಗೂ ಬದುಕಿದೆ. ಜರ್ಮನ್ ಕವಿ ಗಯಟೆ 1786ರಲ್ಲಿ ಅದರ ಗರಿಗಳನ್ನು ಬುಡದಿಂದ ತುದಿಯವರೆಗೆ ಗಮನಿಸಿ ನೋಡಿದ. ಗಿಡದ ಅಂಗಗಳೆಲ್ಲ ಎಲೆಯ ರೂಪಾಂತರಗಳು ಎಂಬ ಅವನ ವಿಚಾರಕ್ಕೆ ಆ ಮರ ಇಂಬು ಕೊಟ್ಟಿತು. ಹಾಗಾಗಿ ಅದಕ್ಕೆ ಗಯಟೆಯ ಪಾಮ್ ಎಂದೇ ಹೆಸರು. ವರ್ಸೇಲ್ಸ್ ಅರಮನೆಯಲ್ಲಿ 1684ರಿಂದ 1686ರ ನಡುವೆ ಕಟ್ಟಿದ ಕಿತ್ತಳೆಮನೆ ಇನ್ನೊಂದು ಮಾದರಿ. ದಪ್ಪ ಕಲ್ಲಿನ ಗೋಡೆ, ದಕ್ಷಿಣಕ್ಕೆ ಸಾಲುಗಟ್ಟಿದ ದೊಡ್ಡ ಕಿಟಕಿಗಳು. ಒಲೆಯಿಲ್ಲದೆಯೂ ಒಳಗೆ ಹೆಪ್ಪುಗಟ್ಟುವ ಚಳಿ ಬಾರದು. ಸಾವಿರಕ್ಕೂ ಮೇಲ್ಪಟ್ಟು ಕಿತ್ತಳೆ, ದಾಳಿಂಬೆ, ಪಾಮ್ ಗಿಡಗಳು ಮರದ ಪೆಟ್ಟಿಗೆಗಳಲ್ಲೇ ಬೆಳೆಯುತ್ತವೆ. ಚಳಿಗಾಲಕ್ಕೆ ಒಳಗೆ ಬಂದು ಮೇ ತಿಂಗಳಲ್ಲಿ ಹೊರಗೆ ಹೋಗುತ್ತವೆ. ಆ ಪೆಟ್ಟಿಗೆಯ ಪಕ್ಕದ ಹಲಗೆಗಳನ್ನು ಬಿಚ್ಚಿ ಬೇರು ಸವರಿ ಮಣ್ಣು ಬದಲಿಸಬಹುದು. ಇಂಗ್ಲೆಂಡಿನಲ್ಲಿ 1845ರಲ್ಲಿ ಗಾಜಿನ ಮೇಲಿನ ಸುಂಕ ರದ್ದಾದ ಮೇಲೆ ಗಾಜಿನ ಮನೆ ಮಧ್ಯಮ ವರ್ಗದ ಕೈಗೂ ಎಟುಕಿತು. ಲಂಡನ್ನಿನ ಕ್ಯೂ ಉದ್ಯಾನದ ಪಾಮ್ ಹೌಸ್ ಕಟ್ಟಿದ್ದು 1844ರಿಂದ 1848ರ ನಡುವೆ.

ಗಿಡವನ್ನು ಗಾಜಿನಿಂದ ಹೊರತಂದು ಬಯಲಲ್ಲಿ ನಿಲ್ಲಿಸುವ ಉಮೇದಿನ ಹಿಂದೆ ಭಾರತದ ನಂಟೂ ಇದೆ. ಡೆವನ್‌ಶೈರಿನ ಡ್ಯೂಕ್ 1835ರಲ್ಲಿ ಜಾನ್ ಗಿಬ್ಸನ್ ಎಂಬ ಯುವ ತೋಟಗಾರನನ್ನು ಭಾರತಕ್ಕೆ ಕಳಿಸಿದ. ಖಾಸಿ ಬೆಟ್ಟಗಳ ಆರ್ಕಿಡ್‌ಗಳನ್ನೂ ಕಲ್ಕತ್ತೆಯ ತೋಟದಿಂದ ಆಮ್ಹರ್ಸ್ಟಿಯಾ ಗಿಡವನ್ನೂ ಹೊತ್ತು ಹಿಂತಿರುಗಿದ ಗಿಬ್ಸನ್ ಮುಂದೆ ಲಂಡನ್ನಿನ ಬ್ಯಾಟರ್‌ಸೀ ಪಾರ್ಕಿನ ಮೇಲ್ವಿಚಾರಕನಾದ. 1860ರ ದಶಕದಲ್ಲಿ ಅಲ್ಲಿ ಅವನು ಬೇಸಿಗೆಯ ತಿಂಗಳುಗಳಿಗಾಗಿ ಬಾಳೆ, ಕಾಬಾಳೆ, ಔಡಲ, ಮರಜರಿ, ಪಾಮ್‌ಗಳನ್ನು ಬಯಲಲ್ಲೇ ನೆಟ್ಟು ತೋರಿಸಿದ. ನಮ್ಮ ಹೊಲದ ಬದುವಿನಲ್ಲಿ ಎಣ್ಣೆಗಾಗಿ ಬೆಳೆವ ಔಡಲವನ್ನು ಲಂಡನ್ನಿನವರು ಅದರ ಅಗಲ ಎಲೆಯ ಚೆಲುವಿಗಾಗಿ ಬೆರಗಿನಿಂದ ನೋಡಿದರು. ವಿಲಿಯಂ ರಾಬಿನ್ಸನ್ 1871ರಲ್ಲಿ ಈ ಬಗೆಯ ತೋಟಗಾರಿಕೆಯ ಮೇಲೆ ಪುಸ್ತಕವನ್ನೇ ಬರೆದ. ಆಳುಕಾಳು ಕಡಿಮೆಯಾದ ಇಪ್ಪತ್ತನೆಯ ಶತಮಾನದಲ್ಲಿ ಈ ರೂಢಿ ಮಂಕಾಯಿತು. ಮತ್ತೆ ಅದಕ್ಕೆ ಜೀವ ತುಂಬಿದವರಲ್ಲಿ ಕ್ರಿಸ್ಟಫರ್ ಲಾಯ್ಡ್ ದೊಡ್ಡ ಹೆಸರು. ಪೂರ್ವ ಸಸೆಕ್ಸಿನ ಗ್ರೇಟ್ ಡಿಕ್ಸ್‌ಟರ್ ಮನೆಯ ಹಳೆಯ ಗುಲಾಬಿ ತೋಟವನ್ನು 1993ರಲ್ಲಿ ಕಿತ್ತುಹಾಕಿ ಅಲ್ಲಿ ಬಾಳೆ, ಕಾಬಾಳೆ, ಡೇಲಿಯಾಗಳ ದಟ್ಟ ತೋಟ ಎಬ್ಬಿಸಿದಾಗ ಗುಲಾಬಿಪ್ರಿಯರು ನೊಂದುಕೊಂಡರು. ಆದರೆ ಆ ತೋಟ ಒಂದು ತಲೆಮಾರಿನ ತೋಟಗಾರರಿಗೆ ಧೈರ್ಯ ಕೊಟ್ಟಿತು.

ಬಯಲಿನಲ್ಲಿ ಚಳಿಗಾಲ ಕಳೆಯಬಲ್ಲ ಪಾಮ್‌ಗಳಲ್ಲಿ ಮೊದಲ ಸ್ಥಾನ ಚೀನಾದ ಟ್ರಾಕಿಕಾರ್ಪಸ್ ಫಾರ್ಚೂನಿಯೈ ಮರಕ್ಕೆ. ಬ್ರಿಟನ್ನಿನಲ್ಲಿ ಇದನ್ನು ಚುಸಾನ್ ಪಾಮ್ ಎನ್ನುತ್ತಾರೆ. ಕಾಂಡದ ತುಂಬ ಕಂದು ನಾರಿನ ಹೊದಿಕೆ. ಚೀನಾದ ರೈತರು ಆ ನಾರಿನಿಂದ ಹಗ್ಗ, ಪೊರಕೆ, ಮಳೆಗೆ ಹೊದೆಯುವ ಕೊಪ್ಪೆ ಮಾಡಿಕೊಳ್ಳುತ್ತಿದ್ದರು. ಜಪಾನಿನಿಂದ ಸಸ್ಯಸಂಗ್ರಾಹಕ ಸೀಬೋಲ್ಡ್ ಕಳಿಸಿದ ಬೀಜ 1830ರಲ್ಲಿಯೇ ಹಾಲೆಂಡಿಗೆ ಮುಟ್ಟಿತ್ತು. ಆದರೆ ಈ ಮರ ಹರಡಿದ್ದು ರಾಬರ್ಟ್ ಫಾರ್ಚೂನ್ 1849ರಲ್ಲಿ ಚುಸಾನ್ ದ್ವೀಪದ ಸಸಿಗಳನ್ನು ಇಂಗ್ಲೆಂಡಿಗೆ ಕಳಿಸಿದ ಮೇಲೆ. ಚೀನಾದ ಚಹಾ ಸಸಿಗಳನ್ನು ಹಿಮಾಲಯದ ತಪ್ಪಲಿಗೆ ತಂದವನೂ ಇವನೇ. ವೈಟ್ ದ್ವೀಪದಲ್ಲಿರುವ ವಿಕ್ಟೋರಿಯಾ ರಾಣಿಯ ಆಸ್ಬೋರ್ನ್ ಮನೆಯ ತೋಟದಲ್ಲಿ 1851ರಲ್ಲಿ ಒಂದು ಸಸಿಯನ್ನು ಬಯಲಲ್ಲೇ ನೆಟ್ಟರು, ಅದು ಬದುಕಿತು. ಚೆನ್ನಾಗಿ ಬೇರೂರಿದ ಮರ ಮೈನಸ್ 12 ಡಿಗ್ರಿಯವರೆಗೆ ಹೆಚ್ಚು ಹಾನಿಯಿಲ್ಲದೆ ತಡೆಯುತ್ತದೆ, ಅದಕ್ಕಿಂತ ಕೆಳಗಿನ ಚಳಿಯನ್ನೂ ಸ್ವಲ್ಪ ಹೊತ್ತು ಸಹಿಸುತ್ತದೆ. ಇದರ ದಾಯಾದಿಯೊಂದು ಭಾರತದಲ್ಲೇ ಇದೆ. ಉತ್ತರಾಖಂಡದ ಪಿಥೋರಾಗಢದ ಬಳಿ, 2,000 ಮೀಟರಿಗೂ ಎತ್ತರದಲ್ಲಿ, ಚಳಿಗಾಲದಲ್ಲಿ ಹಿಮ ಬೀಳುವ ಕಾಡಿನೊಳಗೆ ಬೆಳೆಯುವ ಟ್ರಾಕಿಕಾರ್ಪಸ್ ಟಾಕಿಲ್. ಇಟಲಿಯ ಪಾಮ್ ತಜ್ಞ ಬೆಕ್ಕಾರಿ 1905ರಲ್ಲಿ ಅದನ್ನು ವಿವರಿಸಿದ. ಯೂರೋಪಿನ ಹವ್ಯಾಸಿಗಳು ಅದರ ಬೀಜಕ್ಕಾಗಿ ಹಾತೊರೆಯುತ್ತಾರೆ. ನಮ್ಮಲ್ಲಿ ಅದರ ಹೆಸರು ಕೇಳಿದವರೇ ಕಡಿಮೆ ಎನ್ನುವುದು ಬೇಸರದ ಸಂಗತಿ.

ಚಳಿ ತಡೆಯುವುದರಲ್ಲಿ ಇದನ್ನೂ ಮೀರಿಸುವ ಪಾಮ್ ಅಮೆರಿಕದ ಆಗ್ನೇಯ ರಾಜ್ಯಗಳ ಸೂಜಿ ಪಾಮ್. ಪೊದೆಯಾಗಿ ಬೆಳೆಯುವ ಅದು ಮೈನಸ್ 20 ಡಿಗ್ರಿಯಂಥ ಚಳಿಯಲ್ಲೂ ಉಳಿದದ್ದುಂಟು. ಅದೇ ಸೀಮೆಯ ಗಿಡ್ಡ ಸಬಾಲ್ ಕೂಡ ಗಟ್ಟಿ ಜಾತಿ. ಅದರ ಕಾಂಡ ಹೆಚ್ಚಾಗಿ ನೆಲದೊಳಗೇ ಇರುವುದರಿಂದ ಮಣ್ಣೇ ಅದಕ್ಕೆ ಕಂಬಳಿ. ಹಾಗಾದರೆ ಲಂಡನ್ನಿನಲ್ಲಿ ಇವು ಚುಸಾನ್ ಪಾಮಿಗಿಂತ ಚೆನ್ನಾಗಿ ಬೆಳೆಯಬೇಕಲ್ಲವೇ? ಬೆಳೆಯುವುದಿಲ್ಲ. ಇವಕ್ಕೆ ಬೇಸಿಗೆಯಲ್ಲಿ ಬೆವರಿಳಿಸುವಂಥ ಸೆಕೆ ಬೇಕು. ವಾಷಿಂಗ್ಟನ್ನಿನಲ್ಲಿ, ನ್ಯೂಜೆರ್ಸಿಯ ದಕ್ಷಿಣದಲ್ಲಿ ಅಂಥ ಬೇಸಿಗೆ ಸಿಗುತ್ತದೆ. ಇಂಗ್ಲೆಂಡಿನ ತಣ್ಣನೆ ಬೇಸಿಗೆಯಲ್ಲಿ ಇವು ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ, ವರ್ಷಕ್ಕೆ ಒಂದೆರಡು ಗರಿ ಬಿಟ್ಟುಕೊಂಡು ಕೂರುತ್ತವೆ. ಚುಸಾನ್ ಪಾಮಿಗೆ ತಂಪು ಬೇಸಿಗೆಯೇ ಸಾಕು, ಅದಕ್ಕೇ ಅದು ಅಲ್ಲಿ ಗೆದ್ದಿತು. ಅಮೆರಿಕದ ಕೃಷಿ ಇಲಾಖೆ ವರ್ಷದ ಅತಿ ಕನಿಷ್ಠ ಉಷ್ಣಾಂಶಗಳ ಸರಾಸರಿಯ ಮೇಲೆ ದೇಶವನ್ನು ವಲಯಗಳಾಗಿ ವಿಂಗಡಿಸಿ ನಕ್ಷೆ ಪ್ರಕಟಿಸುತ್ತದೆ. 2023ರಲ್ಲಿ ಅದರ ಹೊಸ ಆವೃತ್ತಿ ಬಂತು. ನರ್ಸರಿಗಳು ಗಿಡದ ಚೀಟಿಯ ಮೇಲೆ ಈ ವಲಯದ ಸಂಖ್ಯೆ ಬರೆಯುತ್ತವೆ. ಉಪಯುಕ್ತವಾದ ಸಂಖ್ಯೆಯೇ ಸರಿ, ಆದರೆ ಅದು ಬೇಸಿಗೆಯ ಬಿಸಿಲನ್ನಾಗಲಿ, ಚಳಿಗಾಲದ ಮಳೆಯನ್ನಾಗಲಿ, ಚಳಿ ಎಷ್ಟು ದಿನ ಹಿಡಿಯುತ್ತದೆ ಎನ್ನುವುದನ್ನಾಗಲಿ ಹೇಳುವುದಿಲ್ಲ. ಜೊತೆಗೆ ಅದು ಬರಿಯ ಸರಾಸರಿ. 2021ರ ಫೆಬ್ರವರಿಯಲ್ಲಿ ಟೆಕ್ಸಾಸಿನ ಮೇಲೆ ಎರಗಿದ ಚಳಿಗೆ ಬೀದಿಬದಿಯ ಎತ್ತರದ ವಾಷಿಂಗ್ಟೋನಿಯಾ ಪಾಮ್‌ಗಳು ಸಾಲುಸಾಲಾಗಿ ಸತ್ತವು. ಅಲ್ಲಿನ ನೆಲದ್ದೇ ಆದ ಸಬಾಲ್‌ಗಳು ಬಹುಪಾಲು ಉಳಿದವು.

ಬ್ರಿಟನ್ನಿನ ಪಶ್ಚಿಮ ಕರಾವಳಿಯ ಕಥೆ ಬೇರೆ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ ಅಲ್ಲಿನ ಚಳಿಗಾಲದ ಮೊನಚನ್ನು ಮುರಿಯುತ್ತದೆ. ಸಿಲಿ ದ್ವೀಪಗಳನ್ನು 1834ರಲ್ಲಿ ಗುತ್ತಿಗೆ ಹಿಡಿದ ಆಗಸ್ಟಸ್ ಸ್ಮಿತ್ ಅಲ್ಲಿ ಬೆಳೆಸಿದ ಟ್ರೆಸ್ಕೋ ತೋಟ, ಸ್ಕಾಟ್ಲೆಂಡಿನ ವಾಯವ್ಯ ಮೂಲೆಯಲ್ಲಿ ಆಸ್ಗುಡ್ ಮೆಕೆಂಜಿ 1862ರಲ್ಲಿ ಆರಂಭಿಸಿದ ಇನ್ವರೂ ತೋಟ ಇದಕ್ಕೆ ಸಾಕ್ಷಿ. ಇನ್ವರೂ ಮಾಸ್ಕೋಗಿಂತಲೂ ಉತ್ತರಕ್ಕಿದೆ. ಅಲ್ಲಿ ಮೊದಲು ಮಾಡಿದ ಕೆಲಸ ಕಡಲಗಾಳಿಗೆ ಅಡ್ಡವಾಗಿ ಮರಗಳ ಗೋಡೆ ಬೆಳೆಸುವುದು. ಅವು ಎತ್ತರಕ್ಕೆ ಬರಲು ವರ್ಷಗಳೇ ಹಿಡಿದವು, ತೋಟ ಅವುಗಳ ಮರೆಯಲ್ಲಿ ಮೈದಳೆಯಿತು. ಇಂಥ ಕಡೆಯೂ ನೆಮ್ಮದಿ ಶಾಶ್ವತವಲ್ಲ. 1987ರ ಜನವರಿಯ ಹಿಮಕ್ಕೆ ಟ್ರೆಸ್ಕೋದ ಬಹುಪಾಲು ಗಿಡಗಳು ನಾಶವಾದವು, ಮೂರು ವರ್ಷಕ್ಕೆ ಚಂಡಮಾರುತ ಬಂದು ಗಾಳಿ ತಡೆಯುವ ಮರಗಳನ್ನು ಉರುಳಿಸಿತು. ಮತ್ತೆ ನೆಟ್ಟರು. ಬ್ರಿಟನ್ನಿನ ಕಡಲೂರುಗಳಲ್ಲಿ ಪ್ರವಾಸಿಗರು ಪಾಮ್ ಎಂದುಕೊಂಡು ಫೋಟೋ ತೆಗೆಯುವ ಮರಗಳಲ್ಲಿ ಬಹಳಷ್ಟು ಪಾಮ್ ಅಲ್ಲವೇ ಅಲ್ಲ, ನ್ಯೂಜಿಲೆಂಡಿನ ಕಾರ್ಡಿಲೈನ್. 2010ರ ಡಿಸೆಂಬರಿನ ಕಡುಚಳಿಯಲ್ಲಿ ಅವು ಅಪಾರ ಸಂಖ್ಯೆಯಲ್ಲಿ ಬಿದ್ದುಹೋದವು. ಎಷ್ಟೋ ಮರಗಳು ಮುಂದೆ ಬುಡದಿಂದ ಚಿಗುರಿದವು, ಏಕೆಂದರೆ ಕಾರ್ಡಿಲೈನ್‌ನ ಬೇರಿನ ಬಳಿಯೂ ಜೀವವಿದೆ. ಒಂಟಿ ಕಾಂಡದ ಪಾಮಿಗೆ ಆ ಭಾಗ್ಯವಿಲ್ಲ.

ಮನೆಯ ತೋಟದಲ್ಲಿ ಮೊದಲ ಪ್ರಶ್ನೆ ಜಾಗದ್ದು. ತಣ್ಣನೆಯ ಗಾಳಿ ಭಾರ, ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಹೀಗಾಗಿ ತಗ್ಗು ಬೇಡ. ದಕ್ಷಿಣಕ್ಕೆ ಮುಖ ಮಾಡಿದ ಇಟ್ಟಿಗೆ ಗೋಡೆ ಹಗಲಿನ ಬಿಸಿಲನ್ನು ಹೀರಿ ರಾತ್ರಿ ಬಿಟ್ಟುಕೊಡುತ್ತದೆ, ಮನೆಯೊಳಗಿನ ಶಾಖವೂ ಅಷ್ಟಿಷ್ಟು ಹೊರಸೂಸುತ್ತದೆ. ಮೋಡವಿಲ್ಲದ ರಾತ್ರಿ ನೆಲದ ಬಿಸಿ ಆಕಾಶಕ್ಕೆ ಹಾರಿಹೋಗುತ್ತದೆ. ದೊಡ್ಡ ನಿತ್ಯಹಸಿರು ಮರದ ಕೊಂಬೆ ಮೇಲಿದ್ದರೆ ಅದು ತಡೆಯುತ್ತದೆ. ಗಾಳಿಗೆ ಮರೆಯಿರಬೇಕು, ಏಕೆಂದರೆ ಹೆಪ್ಪುಗಟ್ಟಿದ ನೆಲದಿಂದ ಬೇರು ನೀರೆಳೆಯಲಾರದ ಹೊತ್ತಿನಲ್ಲಿ ಒಣಗಾಳಿ ಗರಿಯ ನೀರನ್ನು ಕಸಿಯುತ್ತದೆ. ಜೇಡಿಮಣ್ಣಿದ್ದರೆ ಜಲ್ಲಿ, ಮರಳು ಬೆರೆಸಿ ಸ್ವಲ್ಪ ಏರಿನ ಮೇಲೆ ನೆಡುವುದು ಕ್ಷೇಮ. ನೆಡುವ ಕಾಲ ಮೇ ತಿಂಗಳ ಕೊನೆ ಅಥವಾ ಜೂನ್. ಬೇಸಿಗೆಯಿಡೀ ಬೇರು ಬಿಟ್ಟ ಗಿಡ ಚಳಿಗಾಲವನ್ನು ಎದುರಿಸುತ್ತದೆ, ಅಕ್ಟೋಬರಿನಲ್ಲಿ ನೆಟ್ಟದ್ದು ಎದುರಿಸಲಾರದು. ಪುಸ್ತಕಗಳಲ್ಲಿ ಕೊಡುವ ಡಿಗ್ರಿಗಳೆಲ್ಲ ಬೆಳೆದ ಮರದವು. ಮೊಳಕಾಲೆತ್ತರದ ಸಸಿಗೆ ಅವನ್ನು ಅನ್ವಯಿಸಿದವರು ನಿರಾಶರಾಗುತ್ತಾರೆ. ಕಾಂಡ ಮೂಡುವವರೆಗೆ ಸಸಿಯನ್ನು ಕುಂಡದಲ್ಲೇ ಬೆಳೆಸಿ ಚಳಿಗಾಲದಲ್ಲಿ ಒಳಗಿಡುವುದು ಒಳ್ಳೆಯದು.

ಹೊದಿಕೆ ಕಟ್ಟುವ ಕೆಲಸ ನವೆಂಬರಿನ ಒಣ ದಿನವೊಂದರಲ್ಲಿ ನಡೆಯುತ್ತದೆ. ಮೊದಲು ಬುಡದ ಸುತ್ತ ಒಂದು ಗೇಣಿಗೂ ಮೀರಿ ತರಗೆಲೆ ಪೇರಿಸುತ್ತಾರೆ. ಗರಿಗಳನ್ನು ಕೆಳಗಿನವುಗಳಿಂದ ಆರಂಭಿಸಿ ಒಂದೊಂದಾಗಿ ಮೇಲೆತ್ತಿ, ಸುಳಿಯ ಸುತ್ತ ಕೂಡಿಸಿ, ಸೆಣಬಿನ ಹಗ್ಗದಿಂದ ಸಡಿಲವಾಗಿ ಕಟ್ಟುತ್ತಾರೆ. ಗರಿಗಳ ನಡುವೆ ಒಣಹುಲ್ಲು ತುರುಕುತ್ತಾರೆ. ಅದರ ಮೇಲೆ ಗಾಳಿಯಾಡುವ ಬಿಳಿ ಫ್ಲೀಸ್ ಬಟ್ಟೆಯನ್ನು ಎರಡು ಮೂರು ಸುತ್ತು ಸುತ್ತಿ, ನೆತ್ತಿಗೆ ಮಳೆನೀರು ಇಳಿಯದಂತೆ ಟೊಪ್ಪಿಗೆ ಹಾಕುತ್ತಾರೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುನ್ನ ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವವರಿಗೆ ಈ ಕೆಲಸದ ಮರ್ಮ ತಟ್ಟನೆ ತಿಳಿಯುತ್ತದೆ: ಮೇಲಿನಿಂದ ನೀರು ಇಳಿಯಬಾರದು, ಒಳಗೆ ಉಸಿರು ಕಟ್ಟಬಾರದು. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದರೆ ಹಗಲಿನ ಬಿಸಿಲಿಗೆ ಒಳಗೆ ಬೆವರಿ, ಆ ಬೆವರು ರಾತ್ರಿ ಹೆಪ್ಪುಗಟ್ಟಿ, ಸುಳಿ ಕೊಳೆಯುತ್ತದೆ. ಹೆಚ್ಚು ಚಳಿಯ ಊರುಗಳಲ್ಲಿ ಮರದ ಚೌಕಟ್ಟಿಗೆ ಥರ್ಮೋಕೋಲ್ ಹಲಗೆ ಬಡಿದು ಪೆಟ್ಟಿಗೆ ಕಟ್ಟಿ, ಒಳಗೆ ಹಳೆಯ ಬಗೆಯ ತಂತಿಬಲ್ಬಿನ ದೀಪಮಾಲೆ ಅಥವಾ ಶಾಖದ ಕೇಬಲ್ ಇಳಿಬಿಡುತ್ತಾರೆ. ಎಲ್‌ಇಡಿ ದೀಪ ಇದಕ್ಕೆ ಬಾರದು, ಅದರಿಂದ ಶಾಖ ಸಾಲದು. ಉಷ್ಣಾಂಶ ಒಂದು ಮಟ್ಟಕ್ಕಿಂತ ಇಳಿದಾಗ ತಾನೇ ಹೊತ್ತಿ, ಏರಿದಾಗ ತಾನೇ ಆರುವ ಥರ್ಮೋಸ್ಟಾಟ್ ಪ್ಲಗ್ ಇದ್ದರೆ ಖರ್ಚೂ ಮಿತವಾಗಿರುತ್ತದೆ, ಸುಳಿಯೂ ಬೆಚ್ಚಗೆ ಮೆತ್ತಗಾಗುವುದಿಲ್ಲ. ಗುರಿ ಮರವನ್ನು ಬಿಸಿ ಮಾಡುವುದಲ್ಲ, ಹೆಪ್ಪುಗಟ್ಟುವ ಅಂಚಿನಿಂದ ತುಸು ದೂರ ಇಡುವುದು. ಹವೆ ತಿಳಿಯಾದ ದಿನಗಳಲ್ಲಿ ಹೊದಿಕೆ ಬಿಚ್ಚಿ ಗಾಳಿಯಾಡಿಸುವವರ ಮರಗಳು ಚೆನ್ನಾಗಿರುತ್ತವೆ.

ಬಾಳೆಯ ಜೀವ ಇರುವುದು ನೆಲದಡಿಯ ಗೆಡ್ಡೆಯಲ್ಲಿ. ಹೀಗಾಗಿ ಅದನ್ನು ಕಾಯುವ ಉಪಾಯವೂ ಬೇರೆ. ಚಳಿನಾಡಿನವರು ಬೆಳೆಸುವುದು ದಕ್ಷಿಣ ಚೀನಾ ಮೂಲದ ಮೂಸಾ ಬಾಸ್ಜೂ ಎಂಬ ಜಾತಿ. ಜಪಾನಿನಲ್ಲಿ ಅದು ಬಹುಕಾಲದಿಂದ ಮನೆಯಂಗಳದ ಗಿಡ. 1681ರಲ್ಲಿ ಶಿಷ್ಯನೊಬ್ಬ ತಂದು ನೆಟ್ಟ ಈ ಬಾಳೆಯಿಂದಲೇ ಹೈಕು ಕವಿ ಬಾಶೋ ತನ್ನ ಹೆಸರು ಪಡೆದ. ಹಣ್ಣು ಬೀಜದಿಂದ ತುಂಬಿದ್ದು, ತಿನ್ನಲಾಗದು. ಎಲೆಗಾಗಿಯೇ ಈ ಗಿಡ. ಸೊನ್ನೆ ಡಿಗ್ರಿಗೆ ಎಲೆ ಕಪ್ಪಾಗಿ ಜೋಲುತ್ತದೆ, ಇನ್ನೂ ನಾಲ್ಕೈದು ಡಿಗ್ರಿ ಕೆಳಗಿಳಿದರೆ ದಿಂಡು ಸಾಯುತ್ತದೆ, ಆದರೆ ದಪ್ಪ ಹೊದಿಕೆಯಿದ್ದರೆ ಗೆಡ್ಡೆ ಮೈನಸ್ 10ಕ್ಕೂ ಕೆಳಗಿನ ಚಳಿಯನ್ನು ದಾಟುತ್ತದೆ. ಗೆಡ್ಡೆ ಉಳಿದರೆ ವಸಂತದಲ್ಲಿ ಕಂದು ಬರುತ್ತದೆ. ಆದರೂ ದಿಂಡನ್ನೂ ಉಳಿಸಿಕೊಂಡರೆ ಮುಂದಿನ ಬೇಸಿಗೆಗೆ ಗಿಡ ಆಳೆತ್ತರದಿಂದ ಬೆಳೆಯಲು ಆರಂಭಿಸುತ್ತದೆ. ಅದಕ್ಕಾಗಿ ಮೊದಲ ಚಳಿಗೆ ಎಲೆ ಕಪ್ಪಾದೊಡನೆ ಎಲೆಗಳನ್ನು ಸವರಿ, ದಿಂಡಿನ ಸುತ್ತ ತಂತಿಬಲೆಯ ಗೂಡು ನಿಲ್ಲಿಸಿ, ಒಣಹುಲ್ಲನ್ನೋ ಒಣ ಜರಿಗಿಡವನ್ನೋ ತುಂಬಿ, ಮೇಲೆ ಹಲಗೆ ಮುಚ್ಚುತ್ತಾರೆ. ಜೂನಿನಲ್ಲಿ ಲಂಡನ್ನಿನ ಹಗಲು ಹದಿನಾರೂವರೆ ತಾಸಿನಷ್ಟು ಉದ್ದ. ಆ ಬೆಳಕಿನಲ್ಲಿ, ಗೊಬ್ಬರ ನೀರು ಧಾರಾಳವಾಗಿದ್ದರೆ, ಬಾಳೆ ವಾರಕ್ಕೊಂದರಂತೆ ಎಲೆ ಬಿಚ್ಚುತ್ತದೆ.

ಕಾಬಾಳೆ, ಕೆಸು, ಡೇಲಿಯಾಗಳಿಗೂ ಇದೇ ನ್ಯಾಯ. ಮಣ್ಣು ಹಗುರವಾಗಿ ಚಳಿ ಮಿತವಾಗಿರುವ ಕಡೆ ಗೆಡ್ಡೆಗಳನ್ನು ನೆಲದಲ್ಲೇ ಬಿಟ್ಟು ಮೇಲೆ ತರಗೆಲೆ ಹರಡುತ್ತಾರೆ. ಕಡುಚಳಿಯ ಕಡೆ ಅಗೆದು ತೆಗೆದು, ಮಣ್ಣು ಕೊಡವಿ, ತುಸುವೇ ತೇವವಿರುವ ತೆಂಗಿನ ನಾರಿನ ಪುಡಿಯಲ್ಲಿ ಹೂತು ಹೆಪ್ಪುಗಟ್ಟದ ಕೋಣೆಯಲ್ಲಿಡುತ್ತಾರೆ. ಕೋಕೋಪೀಟ್ ಎಂದು ಮಾರುವ ಆ ಪುಡಿ ಬಹುಮಟ್ಟಿಗೆ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ನಾರಿನ ಗಿರಣಿಗಳಿಂದಲೇ ಹೋಗುವಂಥದ್ದು. ಇಥಿಯೋಪಿಯಾದ ಜನರ ಊಟದ ಆಧಾರವಾದ ಎನ್ಸೆಟ್ ಎಂಬ ಬಾಳೆಯ ಬಂಧು ಕಂದು ಹಾಕುವುದಿಲ್ಲ, ಚಳಿಯನ್ನೂ ತಡೆಯದು. ಅದರ ಕೆಂಪೆಲೆಯ ತಳಿಯನ್ನು ಅಕ್ಟೋಬರಿನಲ್ಲಿ ಬೇರುಸಹಿತ ಎತ್ತಿ, ಹೊರ ಎಲೆ ಸವರಿ, ತಲೆಕೆಳಗಾಗಿ ನಿಲ್ಲಿಸಿ ನೀರಿಳಿಸಿ, ಚಳಿಗಾಲವಿಡೀ ನೀರು ಹನಿಸದೆ ಒಣಗಾಗಿ ಇಡುತ್ತಾರೆ. ಸಿಕ್ಕಿಂ, ನೇಪಾಳದ ಬೆಟ್ಟಗಳಿಂದ ಹೋದ ಸುರುಳಿ ಸುಗಂಧಿಯ ಕೆಲವು ಜಾತಿಗಳು ಮಾತ್ರ ಇಷ್ಟೊಂದು ಉಪಚಾರ ಕೇಳದೆ ಇಂಗ್ಲೆಂಡಿನ ನೆಲದಲ್ಲೇ ಉಳಿಯುತ್ತವೆ.

ಯಾವ ಹೊದಿಕೆಗೂ ಬಗ್ಗದ ಗಿಡಗಳು ಕುಂಡದಲ್ಲಿ ಬೆಳೆದು ಚಳಿಗಾಲಕ್ಕೆ ಮನೆಯೊಳಗೆ ಬರುತ್ತವೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಕರಿಬೇವು, ಮಲ್ಲಿಗೆ, ವೀಳ್ಯದೆಲೆಗಳು ಬದುಕಿರುವುದು ಹೀಗೆ. ಚಳಿಗಿಂತ ಇಲ್ಲಿ ಕಾಡುವುದು ಬೆಳಕಿನ ಅಭಾವ. ಡಿಸೆಂಬರಿನ ಲಂಡನ್ನಿನಲ್ಲಿ ಹಗಲು ಎಂಟು ತಾಸೂ ಇರುವುದಿಲ್ಲ. ಹೀಟರಿನ ಬಿಸಿಗೆ ಗಿಡ ಬೆಳೆಯಲು ಹವಣಿಸುತ್ತದೆ, ಬೆಳಕಿಲ್ಲದೆ ಚಿಗುರು ನೀಳವಾಗಿ ಬಿಳಿಚುತ್ತದೆ. ಒಣಗಾಳಿಯಲ್ಲಿ ನುಸಿ, ಹಿಟ್ಟುತಿಗಣೆಗಳು ಹೆಚ್ಚುತ್ತವೆ. ಕರಿಬೇವು ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾದರೆ ಸತ್ತಿತೆಂದು ಎಸೆಯಬಾರದು. ದಕ್ಷಿಣದ ಕಿಟಕಿಯ ಬಳಿ, ಹೀಟರಿನಿಂದ ದೂರವಿಟ್ಟು, ಮೇಲಿನ ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು ಹನಿಸುತ್ತಿದ್ದರೆ ವಸಂತದಲ್ಲಿ ಅದು ಚಿಗುರುತ್ತದೆ. ಕೊಂಬೆಯನ್ನು ಉಗುರಿನಿಂದ ತುಸು ಕೆರೆದಾಗ ಒಳಗೆ ಹಸಿರು ಕಂಡರೆ ಜೀವವಿದೆ. ಮೇ ತಿಂಗಳಲ್ಲಿ ಹೊರಗಿಡುವಾಗ ಮೊದಲ ವಾರ ನೆರಳಿನಲ್ಲಿರಿಸಬೇಕು. ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ.

ಪಾಮ್‌ಗಳ ಹೊದಿಕೆ ಬಿಚ್ಚುವುದು ಮಾರ್ಚ್, ಏಪ್ರಿಲಿನಲ್ಲಿ. ಆಗ ತೋಟಗಾರ ಮೊದಲು ಮಾಡುವ ಕೆಲಸ ಸುಳಿಯನ್ನು ಮೆಲ್ಲನೆ ಎಳೆದು ನೋಡುವುದು. ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಕಿತ್ತು ಬಂದು ನಾತ ಹೊಡೆದರೆ, ಕೊಳೆತದ್ದನ್ನೆಲ್ಲ ತೆಗೆದು, ಕುಣಿಯಲ್ಲಿನ ನೀರು ಬಸಿದು, ತಾಮ್ರದ ಶಿಲೀಂಧ್ರನಾಶಕ ಹಾಕುತ್ತಾರೆ. ಕರಾವಳಿ, ಮಲೆನಾಡಿನ ಅಡಿಕೆ ತೋಟಗಳಿಗೆ ಚಿರಪರಿಚಿತವಾದ ಬೋರ್ಡೋ ದ್ರಾವಣದ ಗುಂಪಿನದೇ ಔಷಧ. ಆಮೇಲೆ ಮಳೆನೀರು ಬೀಳದಂತೆ ಮರೆ ಮಾಡಿ ಕಾಯಬೇಕು. ಒಳಗಿನ ಎಳೆಮೊಗ್ಗು ಬದುಕಿದ್ದರೆ ಎರಡು ಮೂರು ತಿಂಗಳಿಗೆ ಮೊಟಕಾದ, ಅಂಚು ಕತ್ತರಿಸಿದಂತಿರುವ ಗರಿಯೊಂದು ಇಣುಕುತ್ತದೆ, ಮುಂದಿನವು ಸರಿಯಾಗಿ ಬರುತ್ತವೆ. ಬೇಸಿಗೆ ಮುಗಿಯುವ ಮುನ್ನ ಮರವನ್ನು ಕಡಿಯುವ ಅವಸರ ಸಲ್ಲದು. ಅರ್ಧ ಹಸಿರುಳಿದ ಗರಿಗಳನ್ನೂ ತೆಗೆಯಬಾರದು, ಚೇತರಿಕೆಗೆ ಬೇಕಾದ ಆಹಾರ ಅವುಗಳಿಂದಲೇ ಬರಬೇಕು.

ಹೊರನಾಡಿನ ಗಿಡಗಳನ್ನು ತರಿಸಿಕೊಳ್ಳುವವರ ಮೇಲೆ ಜವಾಬ್ದಾರಿಯೂ ಇದೆ. ನಮ್ಮ ತೆಂಗಿನ ತೋಟಗಳನ್ನು ಕಾಡುವ ಕೆಂಪುಮೂತಿ ಹುಳು ಆಮದಾದ ಮರಗಳೊಂದಿಗೆ 1990ರ ದಶಕದಲ್ಲಿ ಸ್ಪೇನ್ ಸೇರಿ, ಮೆಡಿಟರೇನಿಯನ್ ತೀರದ ಕೆನರಿ ಪಾಮ್‌ಗಳನ್ನು ಒಳಗಿನಿಂದ ಕೊರೆದು ಭಾರಿ ಸಂಖ್ಯೆಯಲ್ಲಿ ಕೊಂದಿತು. ಇನ್ನೊಂದು ಬಗೆಯ ತೊಡಕು ದಕ್ಷಿಣ ಸ್ವಿಟ್ಜರ್ಲೆಂಡಿನ ಟಿಚೀನೋ ಪ್ರಾಂತದ್ದು. ಬಂಗಲೆಗಳ ತೋಟದಲ್ಲಿ ಅಂದಕ್ಕೆಂದು ನೆಟ್ಟ ಚುಸಾನ್ ಪಾಮಿನ ಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ಕಾಡಿಗೆ ಒಯ್ದವು. ಚಳಿಗಾಲಗಳು ಸೌಮ್ಯವಾಗುತ್ತ ಬಂದಂತೆ ಸಸಿಗಳು ಉಳಿಯತೊಡಗಿ, ಇಂದು ಅಲ್ಲಿನ ಕಾಡಿನ ಮರಗಳಡಿ ಅವು ದಟ್ಟವಾಗಿ ಎದ್ದಿವೆ. ಹವೆ ಬಿಸಿಯಾಗುತ್ತಿರುವುದರ ಕುರುಹಾಗಿ ವಿಜ್ಞಾನಿಗಳು ಈ ಹರಡುವಿಕೆಯನ್ನು ಅಭ್ಯಸಿಸಿದ್ದಾರೆ. 2024ರ ಸೆಪ್ಟೆಂಬರಿನಿಂದ ಸ್ವಿಟ್ಜರ್ಲೆಂಡಿನಲ್ಲಿ ಈ ಮರದ ಮಾರಾಟಕ್ಕೆ ನಿಷೇಧವಿದೆ. ತೋಟದಲ್ಲಿ ಆಗಲೇ ಬೆಳೆದು ನಿಂತ ಮರಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ. ಕಾಯಿ ಕಚ್ಚುವುದು ಹೆಣ್ಣು ಮರ ಮಾತ್ರ. ಅದರ ಹೂಗೊನೆಯನ್ನು ಹಣ್ಣಾಗುವ ಮುನ್ನ ಪ್ರತಿವರ್ಷ ಕತ್ತರಿಸಿ ತೆಗೆದರೆ ಮರವೂ ಉಳಿಯುತ್ತದೆ, ಬೀಜವೂ ಕಾಡಿಗೆ ಹೋಗುವುದಿಲ್ಲ.